ಗೋಡೆ ನೋಡುವ ಶರಾವತಿ

ಟಿ.ವಿ. ಕೆಟ್ಟ ಮನೆಗೆ ಕಾಲಿಟ್ಟರೆ ಶರಾವತಿ ಮೊದಲು ನೋಡುವುದು ಗೋಡೆಯನ್ನು. ಯಾವ ಧಾರಾವಾಹಿಯ ಯಾವ ಘಟ್ಟದಲ್ಲಿ ಪರದೆ ಕಪ್ಪಾಯಿತೆಂದು ಮನೆಮಂದಿ ರೋಗಿಯ ಬಂಧುಗಳಂತೆ ವಿವರಿಸುತ್ತಿದ್ದರೆ, ಈಕೆ ಅವರಿಗೆ ಬೆನ್ನು ಮಾಡಿ, ಪ್ಲಗ್ಗಿನಿಂದ ಹೊರಟ ವೈರಿನ ಜಾಡು ಹಿಡಿದು ಅಡಿ ಅಡಿಯಾಗಿ ಸರಿಯುತ್ತಾಳೆ. ಸೀರೆಯ ಮೇಲೊಂದು ಖಾಕಿ ಕೋಟು. ಅದರ ಎಡಜೇಬಿನಲ್ಲಿ ತುಂಬಿದ ಸ್ಕ್ರೂಗಳ ಭಾರಕ್ಕೆ ನಡಿಗೆಯೇ ಒಂದು ಕಡೆ ವಾಲಿದೆ. ಯಾರು ಏನೇ ಹೇಳಲಿ, "ಆಯ್ತು, ಆಮೇಲೆ?" ಎಂಬುದೊಂದೇ ಅವಳ ಉತ್ತರ. ಆ ಪ್ರಶ್ನೆಗೆ ತಡವರಿಸಿ, ಸೆಟ್ಟಿನ ಮೇಲೆ ಕಾಫಿ ಚೆಲ್ಲಿದ್ದನ್ನು ತಾವಾಗಿಯೇ ಒಪ್ಪಿಕೊಂಡವರು ಸಾಗರ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟ ಇಪ್ಪತ್ತು ವರ್ಷದಿಂದ ಅವಳದು ಒಂದೇ ಕ್ರಮ: ಮೊದಲು ಗೋಡೆ, ಆಮೇಲೆ ವೈರು, ಕೊನೆಗೆ ಸೆಟ್ಟು. ಈ ವ್ರತ ಒಮ್ಮೆ ಮಾತ್ರ ಭಂಗವಾಯಿತು, ಅದೂ ಕನ್ನಪ್ಪನವರ ಮನೆಯಲ್ಲಿ.

ಕನ್ನಪ್ಪನವರು ಮೂವತ್ತೆರಡು ವರ್ಷ ಜೋಗದ ಪವರ್ ಹೌಸಿನಲ್ಲಿ ದುಡಿದು ನಿವೃತ್ತರಾಗಿ, ಸಾಗರದ ಹೊರಗೆ ಜೋಗದ ರಸ್ತೆಯಲ್ಲಿ ಮನೆ ಕಟ್ಟಿಸಿಕೊಂಡವರು. ವೈರಿಂಗ್ ಪೂರ್ತಿ ಅವರ ಸ್ವಹಸ್ತದ್ದು. ಅವರ ಟಿ.ವಿ. ಮನಸ್ಸು ಬಂದಾಗ ಹತ್ತುತ್ತಿತ್ತು, ಮನಸ್ಸು ಬಂದಾಗ ಆರುತ್ತಿತ್ತು. ಶರಾವತಿ ಬಂದ ಮೊದಲ ದಿನವೇ ಅವರು ಪ್ಲಗ್ ಪಾಯಿಂಟಿಗೆ ತಾವೇ ಟೆಸ್ಟರ್ ಚುಚ್ಚಿ, ಅದರ ಕೆಂಪು ದೀಪ ತೋರಿಸಿ, "ನೋಡಮ್ಮಾ, ನಮ್ಮನೆ ಕರೆಂಟಿಗೆ ಎಂತದೂ ಆಗಿಲ್ಲ. ನಿನ್ನ ಕೆಲಸ ಟಿ.ವಿ. ಒಳಗೆ ಮಾತ್ರ" ಎಂದುಬಿಟ್ಟರು. ಅಷ್ಟು ದೊಡ್ಡ ಅನುಭವಸ್ಥರ ಎದುರು ಅವಳಿಗೆ ಸಂಕೋಚವಾಯಿತು. ಸೆಟ್ಟನ್ನು ಅಂಗಡಿಗೆ ಒಯ್ದಳು. ಅಲ್ಲಿ ಎರಡು ದಿನ ಎಡೆಬಿಡದೆ ಓಡಿದ್ದು ಮನೆಗೆ ಬಂದ ಗಂಟೆಯೊಳಗೆ ಆರಿತು. ಮತ್ತೆ ಒಯ್ದಳು, ಒಳಗಿನ ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿದಳು. ಮತ್ತೆ ಅದೇ ಕಥೆ. ಬೇಸತ್ತ ಕನ್ನಪ್ಪನವರು ಹಳೆಯದನ್ನು ಕೊಟ್ಟು ಹೊಸದು ತರಿಸಲು ನಿಶ್ಚಯಿಸಿ, ಸೋಮವಾರ ವ್ಯಾನು ಕಳಿಸುವಂತೆ ಅಂಗಡಿಯೊಂದಕ್ಕೆ ಫೋನು ಮಾಡಿದರು. ಹೊಸ ನಮೂನೆಯ ಟಿ.ವಿ.ಗಳು ಶರಾವತಿಯ ಕೈಗೆ ಹತ್ತುವುದಿಲ್ಲವೆಂಬ ಮಾತು ಆ ಸಾಲಿನ ಮನೆಗಳಲ್ಲೆಲ್ಲ ಹಬ್ಬಿ, ಆ ಕಡೆಯಿಂದ ಅವಳಿಗೆ ಕರೆ ಬರುವುದೇ ನಿಂತಿತು. ಕೈಗುಣದ ಮೇಲೆ ನಂಬಿಕೆ ಹೋದರೆ ರಿಪೇರಿಯವರಿಗೆ ಉಳಿಯುವುದೇನು?

ಭಾನುವಾರ ಬೆಳಿಗ್ಗೆ ಯಾರೂ ಕರೆಯದೆ ಅವಳು ಅವರ ಜಗುಲಿಯಲ್ಲಿ ನಿಂತಿದ್ದಳು.

"ಮತ್ತೆ ಎಂತಕ್ಕೆ ಬಂದ್ಯಮ್ಮಾ? ನಾಳೆ ಅದು ಹೋಗ್ತದೆ."

"ನಾಳೆ ಹೋಗ್ಲಿ ಅಣ್ಣಾ. ಇವತ್ತು ಒಂದ್ಸಲ ನಿಮ್ ಸ್ವಿಚ್ ಬೋರ್ಡ್ ನೋಡ್ತೀನಿ."

ಕನ್ನಪ್ಪನವರ ಮುಖ ಕೆಂಪಾಯಿತು. "ಊರಿಗೆಲ್ಲ ಕರೆಂಟ್ ಕೊಟ್ಟವ ನಾನು. ನನ್ನ ಬೋರ್ಡ್ ಬಿಚ್ತೀಯಾ?"

"ಆಯ್ತು, ಆಮೇಲೆ?" ಎನ್ನುತ್ತ ಅವಳು ವೈರು ಕಟ್ಟಿದ ಬಲ್ಬೊಂದನ್ನು ಕೋಟಿನಿಂದ ತೆಗೆದು ಪಾಯಿಂಟಿಗೆ ಸಿಕ್ಕಿಸಿದಳು. ಬಲ್ಬು ಹತ್ತಿತು, ಮಿಣುಕಿತು, ಆರಿತು. ಟೆಸ್ಟರ್ ಚುಚ್ಚಿದರೆ ಮಾತ್ರ ಮೊದಲಿನಂತೆಯೇ ಕೆಂಪು ದೀಪ. ಟೆಸ್ಟರಿಗೆ ಗೊತ್ತಾಗುವುದು ಕರೆಂಟು ಬರುವ ತೂತಿನ ಸುದ್ದಿಯಷ್ಟೇ. ಹಿಂದಿರುಗುವ ತೂತಿನ ಗತಿ ಏನಾಗಿದೆಯೆಂದು ಅದು ಹೇಳುವುದಿಲ್ಲ. ಅವಳು ಮೇನ್ ಸ್ವಿಚ್ ಆರಿಸಿ ಬೋರ್ಡು ಬಿಚ್ಚಿದಳು. ಆ ಇನ್ನೊಂದು ತೂತಿನ ತುಂಬ ಒಣಗಿದ ಗಂಧ, ಕುಂಕುಮ; ಅದರ ಹಿಂದೆ, ಪ್ಲಗ್ಗಿನ ಕಾಲು ಸರಿಯಾಗಿ ತಾಗದೆ ಸುಟ್ಟು ಕರಿಯಾದ ಹಿತ್ತಾಳೆ.

ಪವರ್ ಹೌಸಿನ ಯಂತ್ರಗಳಿಗೆ ಪ್ರತಿವರ್ಷ ಆಯುಧಪೂಜೆ ಮಾಡಿದ ಕೈ ಅದು; ನಿವೃತ್ತಿಯ ನಂತರ ಮನೆಯ ಮಿಕ್ಸಿ, ಪಂಪು, ಬೋರ್ಡುಗಳಿಗೆ ಅದೇ ಶ್ರದ್ಧೆಯಿಂದ ಗಂಧ ಹಚ್ಚುತ್ತ ಬಂದಿತ್ತು.

"ನಾನು ಹೊರಗೇ ಹಚ್ಚಿದ್ದು" ಎಂದರು ಕನ್ನಪ್ಪನವರು, ಮೆಲ್ಲಗೆ.

"ತೂತಿಗೂ ಒಂದೊಂದು ಬೊಟ್ಟು ಇಟ್ರಲ್ಲ, ತಟ್ಟೆ ಹಿಡ್ಕಂಡಿದ್ದು ನಾನೇ" ಎಂದರು ಅಡುಗೆಮನೆಯಿಂದ ಬಂದ ಅವರ ಹೆಂಡತಿ ಹುಲಿಯಮ್ಮ.

ಶರಾವತಿ ನಗಲಿಲ್ಲ. "ತಪ್ಪು ನಂದೂ ಇದೆ ಅಣ್ಣಾ. ಮೊದ್ಲನೇ ದಿನ ನಿಮ್ ಮುಖ ನೋಡಿ ನನ್ ಕೆಲಸ ಬಿಟ್ಟೆ" ಎಂದಳು.

ಹೊಸ ಪಾಯಿಂಟ್ ಕೂರಿಸಿ, ಸಂಜೆಯವರೆಗೂ ಅಲ್ಲೇ ಕೂತಳು. ಟಿ.ವಿ. ಒಮ್ಮೆಯೂ ಆರಲಿಲ್ಲ. ಮರುದಿನ ವ್ಯಾನು ಬಂದಾಗ ಕನ್ನಪ್ಪನವರು ಗೇಟಿನ ಬಳಿ ನಿಂತು, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸುವಂತೆ, "ವಾಪಸ್ ಹೋಗಪ್ಪಾ. ಟಿ.ವಿ. ಸರಿ ಇತ್ತು, ಕೆಟ್ಟಿದ್ದು ನನ್ನ ಬೋರ್ಡು. ಶರಾವತಿ ಹಿಡಿದ್ಲು" ಎಂದರು.

ಬಿಸಾಡಿ ಹೊಸದು ತರುವುದೇ ಸುಲಭವಾಗಿರುವ ಈ ದಿನಗಳಲ್ಲಿ ಇಂಥವರ ಹಟ ನಮಗೆ ಕಿರಿಕಿರಿಯಾಗುವುದೂ ಉಂಟು. ಕಾರಣ ಸಿಗುವವರೆಗೆ ಅವರು ಯಾವುದನ್ನೂ ಹಾಳೆಂದು ಒಪ್ಪುವುದಿಲ್ಲ; ಹುಡುಕುವ ದಾರಿಯಲ್ಲಿ ದೊಡ್ಡವರು ಅಡ್ಡ ಬಂದರೂ, ತಮ್ಮದೇ ತಪ್ಪು ಎದುರಾದರೂ ಕಣ್ಣು ತಪ್ಪಿಸುವುದಿಲ್ಲ. ಅಂಥವರ ಮುಂದೆ ಸ್ವಲ್ಪ ಹೊತ್ತು ನಿಂತರೆ, ನಿಜ ಹೇಳುವ ಧೈರ್ಯ ನಮಗೂ ಬಂದುಬಿಡುತ್ತದೆ.