ಭಾಷಣದ ತಲೆಬುಡ

“ಮೊದಲ್ನೇ ಸಾಲಲ್ಲೇ ಮುಗ್ಗರಿಸ್ತೀಯಲ್ಲೇ, ದರಿದ್ರ ಮುಂಡೇದೆ! ‘ಅನ್ನದಾತರಾದ ಮಾಲೀಕರೇ’ ಅನ್ನೋಕೆ ನಾಲಿಗೆ ಬಿದ್ದೋಗಿದ್ಯಾ?” ಮ್ಯಾನೇಜರ್ ಮೇಜು ಗುದ್ದಿದ.

ಎಂಟು ಗಂಟೆ ಮಗ್ಗದ ಮುಂದೆ ನಿಂತು ಬಂದಿದ್ದೆ. ಕಾಲು ಊದಿ ಚಪ್ಪಲಿ ಕಚ್ಚುತ್ತಿತ್ತು. ಆಫೀಸಿನಲ್ಲಿ ಮೂರು ಕುರ್ಚಿ ಖಾಲಿ ಇದ್ದವು. ಕೂರು ಅಂತ ಯಾರೂ ಅನ್ನಲಿಲ್ಲ. “ಅನ್ನದಾತರಾದ ಮಾಲೀಕರೇ,” ಅಂದೆ. ಅನ್ನುವುದಕ್ಕೇನು, ಗಿಳಿಯೂ ಅನ್ನುತ್ತದೆ.

ಮ್ಯಾನೇಜರ್ ಹೊರಗೆ ಹೋದ ಮೇಲೆ, ಭಾಷಣ ಬರೆದ ಗುಮಾಸ್ತ ದನಿ ತಗ್ಗಿಸಿದ. ಕೆಟ್ಟವನಲ್ಲ, ಪುಕ್ಕಲ ಅಷ್ಟೆ.

“ನೋಡಮ್ಮಾ, ಭಾಷಣದಲ್ಲಿ ಜನ ಕೇಳೋದು ಎರಡೇ. ಶುರು, ಕೊನೆ. ಶುರೂನಲ್ಲಿ ಕಿವಿ ಹಿಡೀಬೇಕು, ಕೊನೇಲಿ ಎದೆ ತಟ್ಟಬೇಕು. ಎರಡೂ ನಾನೇ ಬರ್ದಿದೀನಿ, ಬಾಯಿಪಾಠ ಮಾಡು.”

“ನಡುವೆ?”

“ನಡುವೆ ಎರಡು ನಿಮಿಷ ನಿಂದೇ ಏನಾದ್ರೂ ಹೇಳ್ಕೋ. ಆಗ ಎಲ್ರೂ ಆಕಳಿಸ್ತಿರ್ತಾರೆ.”

ಕೊನೆಯನ್ನು ಓದಿದ: “ನನ್ನ ತಂಗಿ ಕೈ ಕಳೆದುಕೊಂಡದ್ದು ಅವಳದೇ ಅಜಾಗರೂಕತೆಯಿಂದ. ಯಂತ್ರ ತಪ್ಪು ಮಾಡುವುದಿಲ್ಲ. ಸೋದರಿಯರೇ, ಎಚ್ಚರವಾಗಿರಿ!” ಓದುವಾಗ ನನ್ನ ಮುಖ ನೋಡಲಿಲ್ಲ.

ಮಗ್ಗದ ಗಾಲಿಗೆ ಕಬ್ಬಿಣದ ಜಾಲರಿ ಇರಬೇಕು. ಅದನ್ನು ಬಿಚ್ಚಿ ಗಾಲಿಗೆ ಸಿಕ್ಕಿಕೊಂಡ ಹತ್ತಿ ತೆಗೆಯಲು ಮಗ್ಗ ನಿಲ್ಲಿಸಬೇಕಾಗುತ್ತದೆಂದು ಮ್ಯಾನೇಜರೇ ಜಾಲರಿಗಳನ್ನೆಲ್ಲ ಕೀಳಿಸಿದ್ದ. ಓಡುವ ಗಾಲಿಯಿಂದ ಹತ್ತಿ ತೆಗೆಯಲು ಹೋಗಿ ತಂಗಿಯ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಈಗ ತಪ್ಪೂ ಅವಳದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತನಿಖೆಗೆ ಬಂದ ಇನ್‌ಸ್ಪೆಕ್ಟರು ಇನ್ನೂ ವರದಿ ಬರೆದಿರಲಿಲ್ಲ. ಸುರಕ್ಷತಾ ದಿನದ ಸಭೆಯಲ್ಲಿ ಒಡಹುಟ್ಟಿದ ಅಕ್ಕನೇ ಹೇಳಿಬಿಟ್ಟರೆ ಅವರ ಕೆಲಸ ಹಗುರ.

ಸಭೆಯ ದಿನ ಬೆಳಿಗ್ಗೆ ತಂಗಿ ಎಡಗೈಯಲ್ಲಿ ನನ್ನ ತಲೆ ಬಾಚಿದಳು. ಬೈತಲೆ ಸೊಟ್ಟಗಾಯಿತು.

“ಹೇಳ್ಬಿಡಕ್ಕಾ, ನಂದೇ ತಪ್ಪು ಅಂತ. ಕೈಯಂತೂ ಮತ್ತೆ ಚಿಗುರಲ್ಲ. ನಿನ್ ಕೆಲ್ಸಾನೂ ಹೋದ್ರೆ ಇಬ್ರೂ ಮಣ್ಣು ತಿನ್ಬೇಕು.”

“ಬಾಯ್ಮುಚ್ಚೇ,” ಅಂದೆ. ಅವಳ ಮೇಲೆಯೇ ಸಿಟ್ಟು ಬಂತು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಮಗ್ಗ ನಿಲ್ಲಿಸಿದ ಶೆಡ್ಡಿನ ನೆಲದ ಮೇಲೆ ಮುನ್ನೂರು ಹೆಂಗಸರು ಕೂತಿದ್ದರು. ಮುಂದಿನ ಕುರ್ಚಿಗಳಲ್ಲಿ ಮಾಲೀಕ, ಇನ್‌ಸ್ಪೆಕ್ಟರು, ಮ್ಯಾನೇಜರ್. ಶುರುವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದೆ. ಗುಮಾಸ್ತ ಉಸಿರು ಬಿಟ್ಟ. ಆಮೇಲೆ ನನ್ನ ಎರಡು ನಿಮಿಷ ಬಂತು.

“ಜಾಲರಿ ಇದ್ದಿದ್ರೆ ನನ್ ತಂಗಿ ಕೈ ಇರ್ತಿತ್ತು. ಅದನ್ನ ಕೀಳ್ಸಿದ್ದು...”

ಮ್ಯಾನೇಜರ್ ವೇದಿಕೆಗೆ ಹಾರಿ ಮೈಕ್ ಕಿತ್ತುಕೊಂಡ. “ಪಾಪ, ತಂಗಿ ದುಃಖ. ಉಳಿದದ್ದನ್ನ ನಾನೇ ಓದ್ತೀನಿ.” ಮೈಕ್ ಮುಚ್ಚಿ ಹಲ್ಲು ಕಡಿದ: “ಇಳಿಯೇ, ಸೂಳೆ.”

ನಾನು ಇಳಿಯಲಿಲ್ಲ. ಇಳಿಯಲು ಮೆಟ್ಟಿಲಿತ್ತು, ಕಾಲು ಬರಲಿಲ್ಲ. ಧ್ವನಿವರ್ಧಕದ ಅಬ್ಬರದೆದುರು ಬರಿಗಂಟಲಲ್ಲಿ ಕೂಗಿ ಪ್ರಯೋಜನವೂ ಇರಲಿಲ್ಲ. ಆದರೆ ಮಗ್ಗಗಳ ಗದ್ದಲದಲ್ಲಿ ನಾವು ಯಾವತ್ತು ಕೂಗಿದ್ದೇವೆ? ದನಿಯಿಲ್ಲದೆ ತುಟಿ ಆಡಿಸುತ್ತೇವೆ, ತುಟಿ ಓದುತ್ತೇವೆ. ಅತ್ತೆಯ ಚಾಡಿಯಿಂದ ಹೆರಿಗೆಯ ನೋವಿನವರೆಗೆ ಎಲ್ಲ ಮಾತೂ ಹಾಗೆಯೇ. ಮಗ್ಗ ಓಡುವಾಗ ಒಳಗೆ ಕಾಲಿಡದ ಮ್ಯಾನೇಜರಿಗೆ ಇದು ಗೊತ್ತಿಲ್ಲ. ಅವನ ಬೆನ್ನ ಹಿಂದೆ ನಿಂತು ನಿಧಾನವಾಗಿ ತುಟಿ ಆಡಿಸಿದೆ.

“ಯಂತ್ರ ತಪ್ಪು ಮಾಡುವುದಿಲ್ಲ,” ಅವನು ಓದುತ್ತಿದ್ದ. ಇನ್‌ಸ್ಪೆಕ್ಟರು ಬರೆದುಕೊಳ್ಳುತ್ತಿದ್ದರು. ಹೆಂಗಸರೆಲ್ಲ ನನ್ನ ಬಾಯಿ ನೋಡುತ್ತಿದ್ದರು.

ಕೊನೆಯ ಸಾಲಿನಿಂದ ನೂಲು ಸುತ್ತುವ ಮುದುಕಿಯ ತುಟಿ ಕೇಳಿತು: “ಕೀಳ್ಸಿದ್ದು ಯಾರೇ?”

ಹೇಳಿದೆ.

“ಸೋದರಿಯರೇ, ಎಚ್ಚರವಾಗಿರಿ!” ಮ್ಯಾನೇಜರ್ ತಲೆಯೆತ್ತಿದ. ಮಾಲೀಕ ಎರಡು ಸಲ ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದು ಕಂಡು ಕೈ ಇಳಿಸಿದ.

ಪಾಳಿಯ ಸೈರನ್ ಕೂಗಿತು. ನೆಲದ ಮೇಲಿಂದ ಒಬ್ಬಳೂ ಏಳಲಿಲ್ಲ.