ಗಾಲಿಗೆ ಹಚ್ಚಿದ ವಿಭೂತಿ

ನಾನು ಅಂಗೈ ಉದ್ದದ ರೈಲು ಇಂಜಿನ್. ಆಟದ ಸಾಮಾನು ಅನ್ನಬೇಡಿ, ಸಿಟ್ಟು ಬರುತ್ತದೆ. ಹುಬ್ಬಳ್ಳಿಯಲ್ಲಿ ರೈಲ್ವೆ ಫಿಟ್ಟರ್ ಆಗಿದ್ದ ಗುರುಸಿದ್ದಪ್ಪನವರು ಹಿತ್ತಾಳೆ ತಗಡು ಕತ್ತರಿಸಿ, ಹಳೆಯ ಟೇಪ್‌ರೆಕಾರ್ಡರಿನ ಮೋಟರು ಕೂಡಿಸಿ ನನ್ನನ್ನು ಹುಟ್ಟಿಸಿದರು. ದೊಡ್ಡ ಮೇಜಿನ ಮೇಲೆ ಸುತ್ತಲೂ ಹಳಿ ಹಾಕಿದರು. ಹಳಿಯ ಕರೆಂಟನ್ನು ನನ್ನ ಗಾಲಿಗಳು ಎತ್ತಿಕೊಳ್ಳಬೇಕು, ಗಾಲಿಗೆ ತಾಗಿದ ತಾಮ್ರದ ಪಟ್ಟಿಗಳು ಅದನ್ನು ಮೋಟರಿಗೆ ಮುಟ್ಟಿಸಬೇಕು. ನನಗೆ ಊಟ ಕಾಲಿನಿಂದಲೇ.

ಆಯುಧಪೂಜೆಯ ದಿನ ಅವರ ಹೆಂಡತಿ ಶಾಂತವ್ವ ನನಗೂ ಪೂಜೆ ಮಾಡುತ್ತಿದ್ದರು. ವಿಭೂತಿ ಗಟ್ಟಿಯನ್ನು ನೀರಲ್ಲಿ ತಿಕ್ಕಿ, ಒಂದು ಗಾಲಿಯನ್ನೂ ಬಿಡದೆ ಬಳಿಯುತ್ತಿದ್ದರು. ಆ ತಣ್ಣನೆ ಬೆರಳು ನನಗೆ ಬಲು ಇಷ್ಟ. ಮರುದಿನ ಮತ್ತೆ ಓಡುತ್ತಿದ್ದೆ.

ಗುರುಸಿದ್ದಪ್ಪನವರು ತೀರಿಕೊಂಡ ಮೇಲೂ ಶಾಂತವ್ವ ಪೂಜೆ ತಪ್ಪಿಸಲಿಲ್ಲ. ನಾನು ಮಾತ್ರ ಮೊದಲ ದಸರೆಗೆ ಕುಂಟಿದೆ, ಎರಡನೆಯದಕ್ಕೆ ನಿಂತೇಬಿಟ್ಟೆ. "ಅವರ ಕೈ ಇಲ್ಲಂದ್ರ ಇದೂ ಓಡಂಗಿಲ್ಲ," ಎಂದು ಶಾಂತವ್ವ ಅತ್ತರು. ಕೊನೆಗೆ, ಗಂಡನ ಹತ್ತಿರ ಕೆಲಸ ಕಲಿತಿದ್ದ ಎಲೆಕ್ಟ್ರಿಶಿಯನ್ ಜುಬೇದಾಳನ್ನು ಕರೆಸಿದರು.

"ಇವತ್ತ ಓಡಲಿಲ್ಲ ಅಂದ್ರ ನೀನ ತಗೊಂಡು ಹೋಗಿಬಿಡವಾ. ಸುಮ್ನ ನಿಂತಿದ್ದು ನೋಡಾಕ ನನ್ನ ಕಡೆ ಆಗವಲ್ದು."

ಜುಬೇದಾ ಎರಡು ತಂತಿಗಳನ್ನು ನೇರ ಮೋಟರಿಗೆ ಮುಟ್ಟಿಸಿದಳು. ಗಿರ್ರೆಂದೆ. "ಜೀವ ಐತ್ರಿ ಅವ್ವಾರ," ಎಂದಳು. ಹಳಿಗೆ ಸಣ್ಣ ಬಲ್ಬು ಹಿಡಿದಳು, ಅದೂ ಉರಿಯಿತು. ಹಾಗಾದರೆ ತೊಡಕು ನಡುವೆ, ಗಾಲಿಯಲ್ಲೇ. ನನ್ನನ್ನು ಅಂಗಾತ ಮಲಗಿಸಿ ಉಗುರಿನಿಂದ ಕೆರೆದಳು. ಕರೆಂಟಿಗೆ ಅಡ್ಡಗಟ್ಟಿದ್ದ ವಿಭೂತಿಯ ಬಿಳಿ ಹಕ್ಕಳೆ ಉದುರಿತು. ಪೂಜೆಯಿಂದಲೇ ಕೆಟ್ಟಿತೆಂದು ಹೇಳಲು ಪಾಪ ಅವಳಿಗೆ ಬಾಯಿ ಬರಲಿಲ್ಲ. ಒರೆಸಲು ಅರಿವೆ ಹುಡುಕುತ್ತ, ಗುರುಸಿದ್ದಪ್ಪನವರು ನನ್ನ ಬಿಡಿಭಾಗ ಇಡುತ್ತಿದ್ದ ಹಳೇ ಡಬ್ಬಿ ತೆರೆದಳು. ಒಳಗೆ ರೈಲ್ವೆಯ ಹಸಿರು ಬಾವುಟದ ತುಂಡೊಂದಿತ್ತು. ವಿಭೂತಿ ಹತ್ತಿ ಹತ್ತಿ ಬೆಳ್ಳಗಾಗಿತ್ತು.

ಶಾಂತವ್ವ ಅದನ್ನು ಕೈಗೆ ತೆಗೆದುಕೊಂಡು ಮೂಸಿದರು. ಒಮ್ಮೆ ಗಾಲಿ ನೋಡಿದರು, ಒಮ್ಮೆ ಅರಿವೆ ನೋಡಿದರು.

"ನಾ ಹಚ್ಚತಿದ್ದೆ, ಇವರು ಮರುದಿನ ಒರಸತಿದ್ರು. ಮೂವತ್ತೆಂಟು ವರ್ಷ, ಒಂದ ಮಾತು ಅನ್ಲಿಲ್ಲ ನೋಡ."

ಹೌದು, ನಾನು ಕಂಡಿದ್ದೆ. ಒರೆಸುವಾಗ ಅವರು ನಗುತ್ತ, "ಅಕಿಗೆ ಹೇಳಬ್ಯಾಡಪಾ," ಅನ್ನುತ್ತಿದ್ದರು. ಹೇಳಲು ನನಗೆ ಬಾಯಾದರೂ ಎಲ್ಲಿತ್ತು?

ಅದೇ ಅರಿವೆಯಿಂದ ಶಾಂತವ್ವ ನನ್ನ ಗಾಲಿಗಳನ್ನು ಒರೆಸಿದರು. ಜುಬೇದಾ ತಾಮ್ರದ ಪಟ್ಟಿಗಳನ್ನು ಮೆಲ್ಲಗೆ ಬಗ್ಗಿಸಿ ಗಾಲಿಗೆ ತಾಗಿಸಿದಳು. ನಾನು ಓಡಿದೆ.

ಈಗ ವಯಸ್ಸಾಗಿದೆ, ಕಪಾಟಿನ ಮೇಲೆಯೇ ಹೆಚ್ಚು ಹೊತ್ತು. ದಿನಕ್ಕೆರಡು ಸುತ್ತು ಓಡಿದರೆ ಸಾಕು. ಹಚ್ಚಿದ ಕೈಗೂ ಒರೆಸಿದ ಕೈಗೂ ನಾನು ಋಣಿ. ಆಯುಧಪೂಜೆಗೆ ಶಾಂತವ್ವ ಈಗಲೂ ನನ್ನ ಗಾಲಿಗೇ ವಿಭೂತಿ ಹಚ್ಚುತ್ತಾರೆ. ಮರುದಿನ ಹಸಿರು ಅರಿವೆ ತಂದು, ಗಂಡನ ಬದಲಿಗೆ ತಾವೇ ಒರೆಸುತ್ತಾರೆ.