ಅಪ್ಪನಿಗೆ ಹೇಳು, ತಾತನಿಗೆ ಹೇಳು

ಮುಖ ಊದಿಸಿಕೊಂಡು ಓಡಾಡುವವರು ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ನಮ್ಮ ಬೀದಿಯ ಬೇಕರಿಯವರನ್ನು ಮೀರಿಸುವವರು ಸಿಗಲಿಕ್ಕಿಲ್ಲ. ಹಳೆಯ ಸೌದೆ ಒಲೆಯನ್ನು ಆ ಮನೆಯ ಹುಡುಗಿಯ ಅಪ್ಪ ಹೇಳದೆ ಕೇಳದೆ ಒಡೆಸಿದರೆಂದು ಅವಳ ತಾತ ಮಗನೊಡನೆ ಮಾತು ಬಿಟ್ಟು ವರ್ಷವಾಗಿತ್ತು. ಒಂದೇ ಮೇಜಿನ ಎರಡು ತುದಿಯಲ್ಲಿ ಇಬ್ಬರೂ ಹಿಟ್ಟು ನಾದುತ್ತಿದ್ದರು. ನಡುವೆ ಮೊಮ್ಮಗಳು.

"ಉಪ್ಪು ಕಮ್ಮಿ ಅಂತ ನಿಮ್ಮಪ್ಪನಿಗೆ ಹೇಳು."

"ಉಪ್ಪು ಸರಿಯಾಗೇ ಇದೆ, ನಾಲಿಗೆ ಕೆಟ್ಟಿದೆ ಅಂತ ತಾತನಿಗೆ ಹೇಳು."

ಹುಡುಗಿ ನಾಲಿಗೆಯ ವಿಷಯ ನುಂಗಿಕೊಂಡು, "ಅಪ್ಪ ನೋಡ್ತಾರಂತೆ, ತಾತ" ಎನ್ನುತ್ತಿದ್ದಳು. ಊಟದ ಪ್ರಾರ್ಥನೆಯಲ್ಲಿ ತಾತ, "ಕರ್ತನೇ, ಈ ಮನೇಲಿ ಕೆಲವರಿಗೆ ಬುದ್ಧಿ ಕೊಡು" ಎಂದರೆ, "ವಯಸ್ಸಾದವರಿಗೂ, ಆಮೆನ್" ಎಂದು ಅಪ್ಪ ಸೇರಿಸುತ್ತಿದ್ದರು.

ಈ ಹುಡುಗಿಗೆ ಕ್ರೈಸ್ತ ಕಾಲೇಜಿನಲ್ಲಿ ಕುಟುಂಬ ಮತ್ತು ಯುವಜನ ಸೇವೆ ಓದಲು ಸೀಟು ಸಿಕ್ಕಿತು. ನಾಳೆಯೊಳಗೆ ಸೇರದಿದ್ದರೆ ಅದು ಬೇರೆಯವರ ಪಾಲು.

"ಮನೆ ಜಗಳ ಬಿಡಿಸೋಕೆ ಡಿಗ್ರಿ ಯಾಕಮ್ಮ? ಪ್ರಾರ್ಥನೆ ಸಾಲದಾ?" ಎಂದರು ಅಪ್ಪ. ಒಳಗಿನ ಭಯ ಬೇರೆಯೇ ಇತ್ತು. ಇವಳು ಹಾಸ್ಟೆಲಿಗೆ ಹೋದರೆ ಬೇಕರಿಯಲ್ಲಿ ಮಾತು ದಾಟಿಸುವವರು ಯಾರು?

ಹುಡುಗಿ ಪಕ್ಕದ ಮನೆಯ ಅಕ್ಕನನ್ನು ಕರೆತಂದಳು. ಆಕೆ ಅದೇ ಓದು ಮುಗಿಸಿ, ಶಾಲೆಯೊಂದರಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿದ್ದಳು.

"ಅಲ್ಲೇನಮ್ಮ ಕಲಿಸ್ತಾರೆ, ಚರ್ಚಲ್ಲಿ ಪ್ರಸಂಗ ಮಾಡೋದಾ?" ಎಂದರು ಅಪ್ಪ.

"ಬೈಬಲ್ ಪಾಠಾನೂ ಇರುತ್ತೆ ಅಂಕಲ್. ಮಕ್ಕಳು ಹೇಗೆ ಬೆಳೀತಾರೆ, ಹರೆಯದವರು ಯಾಕೆ ಸಿಡುಕ್ತಾರೆ, ಕುಡಿತ ಹೊಕ್ಕ ಮನೆಗೆ ಹೇಗೆ ಜೊತೆ ನಿಲ್ಲೋದು, ಎಲ್ಲಾ ಕಲೀತೀವಿ. ಆಸ್ಪತ್ರೇಲಿ, ಯುವಕರ ಕೇಂದ್ರದಲ್ಲಿ ಕೆಲಸಾನೂ ಮಾಡಿಸ್ತಾರೆ. ಮೊದಲ ಪಾಠ ಮಾತ್ರ ಬಾಯಿ ಮುಚ್ಕೊಂಡು ಕೇಳೋದು."

"ಅದನ್ನ ಕೆಲವರಿಗೆ ಕಲಿಸಮ್ಮ" ಎಂದರು ತಾತ, ಹಿಟ್ಟಿನ ಕಡೆ ನೋಡುತ್ತಾ.

"ಇಬ್ಬರಿಗೂ ಕಲಿಸ್ತೀನಿ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹಾಗೇ ತಿರುಗಿ ಹೇಳಬೇಕು. ಉತ್ತರ ಆಮೇಲೆ. ತಾತ, ಶುರು ಮಾಡಿ."

ತಾತ ಮೊಮ್ಮಗಳ ಕಡೆ ತಿರುಗಿ, "ನಿಮ್ಮಪ್ಪನಿಗೆ ಹೇಳು" ಎಂದರು. ಅಕ್ಕ ಕೂಡಲೇ ಅವಳನ್ನು ಚಹಾ ಮಾಡಲು ಒಳಗೆ ಅಟ್ಟಿದಳು. ತಾತ ಗೋಡೆ ನೋಡಿದರು, ಸೂರು ನೋಡಿದರು, ಬೇರೆ ದಾರಿಯಿಲ್ಲದೆ ಮಗನನ್ನು ನೋಡಿದರು.

"ಆ ಒಲೆ ನಿಮ್ಮಮ್ಮನೂ ನಾನೂ ಸೇರಿ ಕಟ್ಟಿದ್ದು. ಒಡೆಯೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

ಅಪ್ಪ ವಾದಕ್ಕೆ ಬಾಯಿ ತೆರೆದರು. ಅಕ್ಕ ಬೆರಳೆತ್ತಿದಳು.

"ಆ ಒಲೆ ಅಮ್ಮನೂ ನೀವೂ ಸೇರಿ..." ಅಷ್ಟು ಹೇಳಿ ಅವರು ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಂಡರು. "ಕೇಳಬೇಕಿತ್ತು, ತಪ್ಪಾಯ್ತು. ಹೊಗೆಗೆ ನಿಮ್ಮ ಕೆಮ್ಮು ಜಾಸ್ತಿಯಾಗ್ತಿತ್ತು, ಅದಕ್ಕೇ ಒಡೆಸಿದೆ. 'ಇನ್ನಾದರೂ ಆ ಕೆಮ್ಮು ನಿಲ್ಲಲಿ' ಅಂತ ಅವತ್ತೇ ಮಗಳ ಹತ್ತಿರ ಹೇಳಿ ಕಳಿಸಿದ್ದೆನಲ್ಲ."

ಚಹಾ ಹಿಡಿದ ಹುಡುಗಿ ಬಾಗಿಲಲ್ಲೇ ನಿಂತಳು. "ಅದು ಬೈಗುಳ ಅಂದ್ಕೊಂಡೆ ಅಪ್ಪ. ತಾತನಿಗೆ ಹೇಳಲೇ ಇಲ್ಲ."

ಮೂವರೂ ಅವಳನ್ನೇ ನೋಡಿದರು. ಮೊದಲು ನಕ್ಕವರು ತಾತ. ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ ಕಣ್ಣೊರೆಸಿಕೊಂಡರು.

"ಒಳ್ಳೆ ಮನಸ್ಸೊಂದೇ ಸಾಲಲ್ಲ ಅಂಕಲ್" ಎಂದಳು ಅಕ್ಕ. "ಯಾವ ಮಾತು ಯಾರು ಯಾರಿಗೆ ಆಡಬೇಕು ಅನ್ನೋದನ್ನ ಕಲಿತೇ ತಿಳ್ಕೋಬೇಕು."

ತಾತ ನೇರವಾಗಿ ಮಗನಿಗೇ ಹೇಳಿದರು: "ನಾಳೆ ಬೇಕರಿ ನಾನು ನೋಡ್ಕೋತೀನಿ. ನೀನು ಹೋಗಿ ಇವಳನ್ನ ಸೇರಿಸಿ ಬಾ."

"ಆಯ್ತಪ್ಪ."

ಬಂಧುಗಳೇ, ನಿಮ್ಮ ಮನೆಯಲ್ಲೂ ದೊಡ್ಡವರ ಮುನಿಸು ಹೊತ್ತು ತಿರುಗುವ ಮಗುವೊಂದು ಇರಬಹುದು. ಅದಕ್ಕೆ ಈ ಓದಿನಲ್ಲಿ ಆಸೆಯಿದ್ದರೆ ಹತ್ತಿರದ ಕಾಲೇಜಿನಲ್ಲಿ ಇವತ್ತೇ ವಿಚಾರಿಸಿ, ಕಳಿಸಿಕೊಡಿ. ನಿಮ್ಮ ಮಾತನ್ನು ನೀವೇ ಆಡಿ.